ಮನೆ ನಂಬರಿನ ಕುದುರೆ ಓಟ

ಮೈಸೂರಿನ ಬಡಾವಣೆಗಳಲ್ಲಿ 417ರ ಪಕ್ಕ 418 ಇರಲೇಬೇಕೆಂದು ಯಾರು ಹೇಳಿದರು? 62 ಇರಬಹುದು, ಖಾಲಿ ಸೈಟೂ ಇರಬಹುದು. ದಾರಿ ಕೇಳಿದರೆ ‘ಹಳೇ ನಂಬರೋ, ಹೊಸಾದೋ?’ ಎಂದು ಹೂ ಮಾರುವಾಕೆ ಬೇರೆ ಕೇಳುತ್ತಾಳೆ. ಈ ನಂಬರಿನ ನೆಗೆದಾಟ ರಾಜಮನೆತನದ ಬಳುವಳಿಯೆಂದೇ ನನ್ನ ಗುಮಾನಿ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಚದುರಂಗದ ಕುದುರೆಯನ್ನು ಮನೆಮನೆಗೂ ಒಂದೊಂದೇ ಸಲ ಹಾರಿಸಿ, ಹಾರಿದ ಕ್ರಮದಲ್ಲೇ ಅಂಕಿ ತುಂಬುವ ಗೀಳು. 1ರ ಮಗ್ಗುಲಲ್ಲಿ 2 ಬರುವ ಮಾತೇ ಇಲ್ಲ! ಆದರೆ 64 ಮನೆಯ ಇಂಥ ಚೌಕ ಮಾಯಾಚೌಕವೂ ಆಗಿಬಿಟ್ಟರೆ ಯಾವ ಸಾಲು ಕೂಡಿದರೂ, ಅಡ್ಡವೋ ಉದ್ದವೋ, 260. ನಮ್ಮ ಬೀದಿಯನ್ನು ಕೂಡಿ ನೋಡುವ ಧೈರ್ಯ ನನಗಿಲ್ಲ. ಅರಸರ ಆಟದ ಚೌಕಗಳು ಜಗನ್ಮೋಹನ ಅರಮನೆಯ ಗೋಡೆಗಳ ಮೇಲಿವೆ. ವಿಳಾಸ ಸಿಗದೆ ಸುಸ್ತಾದವರು ಒಮ್ಮೆ ನೋಡಿಬನ್ನಿ.