ಮ್ಯಾಲಲ್ಲ, ಅಡ್ಡ

ನಮ್ಮ ಕಡೆ ಎತ್ತರಕ್ಕೆ ಹೋಗುವಂಥವು ಬಹಳ ಇಲ್ಲ. ನರಗುಂದದ ಗುಡ್ಡ ಒಂದು. ಗಜೇಂದ್ರಗಡದ ಗುಡ್ಡ, ಅದರ ಮೇಲೆ ಬಂದು ನಿಂತ ಗಾಳಿ ಫ್ಯಾನುಗಳು ಇನ್ನೊಂದು. ಮೂರನೆಯದು ಉಳ್ಳಾಗಡ್ಡಿ ಧಾರಣಿ. ಅದು ಏರಿದ್ದನ್ನು ಕಂಡವರಿಗಿಂತ ಇಳಿದದ್ದನ್ನು ಕಂಡವರೇ ಹೆಚ್ಚು. ಉಳಿದದ್ದೆಲ್ಲ ಅಡ್ಡಡ್ಡ. ರೋಣದಿಂದ ಹೊಳೆಆಲೂರಿನ ಕಡೆ ಹೊರಟರೆ ಎರಿಭೂಮಿ ಎಷ್ಟು ಸಪಾಟಾಗಿ ಬಿದ್ದುಕೊಂಡಿದೆಯೆಂದರೆ, ಹಿಂಗಾರಿ ಜೋಳ ಎದ್ದು ನಿಲ್ಲುವವರೆಗೆ ಕಣ್ಣಿಗೆ ತಡೆಯೆಂಬುದಿಲ್ಲ. ಇಂಥ ಸೀಮೆಯವರಿಗೂ ರಾಕೆಟ್ಟಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಅವರಿಗೆ ರಾಕೆಟ್ಟೂ ಗೊತ್ತಿಲ್ಲ, ರೋಣವೂ ಗೊತ್ತಿಲ್ಲ ಎಂದು ತಿಳಿಯಬೇಕು.

ನಾನು ಹೇಳಹೊರಟಿರುವುದು ಕಂಪ್ಯೂಟರಿನಲ್ಲಿ ರಾಕೆಟ್ ಹಾರಿಸುವ ಆಟದ ವಿಷಯ. ಕೆರ್ಬಲ್ ಸ್ಪೇಸ್ ಪ್ರೋಗ್ರಾಮ್ ಅಂತ ಅದರ ಹೆಸರು. ಮೆಕ್ಸಿಕೋದ ಸ್ಕ್ವಾಡ್ ಎಂಬ ಕಂಪನಿಯವರು ಮಾಡಿದ್ದು. 2011ರಲ್ಲಿ ಮೊದಲು ಹೊರಬಂತು, 2015ರಲ್ಲಿ ಪೂರ್ತಿಯಾಯಿತು. ಅದರಲ್ಲಿ ಕೆರ್ಬಿನ್ ಎಂಬ ಗ್ರಹ. ತ್ರಿಜ್ಯ 600 ಕಿ.ಮೀ., ನಮ್ಮ ಭೂಮಿಯದರ ಹತ್ತರಲ್ಲೊಂದು ಪಾಲೂ ಇಲ್ಲ. ಅಲ್ಲಿರುವವರು ಹಸಿರು ಮೈಯ, ಗುಡ್ಡೆಗಣ್ಣಿನ ಗಿಡ್ಡ ಜನ. ಅವರ ಪೈಕಿ ಜೆಬೆಡಾಯ ಎಂಬವನಿಗೆ ಹೆದರಿಕೆಯೆಂಬುದೇ ಇಲ್ಲ. ರಾಕೆಟ್ ತಲೆಕೆಳಗಾಗಿ ನೆಲದ ಕಡೆ ಧಾವಿಸುತ್ತಿರುವಾಗಲೂ ಹಲ್ಲು ಬಿಟ್ಟುಕೊಂಡೇ ಇರುತ್ತಾನೆ. ಇವರೆಲ್ಲ ನಮ್ಮ ಮನೆಗೆ ಬಂದದ್ದು ಅಕ್ಕನ ಮಗಳ ಲ್ಯಾಪ್‌ಟಾಪಿನಲ್ಲಿ, ಬ್ಯಾಸಿಗಿ ಸೂಟಿಗೆ. ಗಜೇಂದ್ರಗಡದ ಮೇ ತಿಂಗಳ ಮಧ್ಯಾಹ್ನ ಮನೆ ಬಿಟ್ಟು ಹೊರಗೆ ಹೋಗುವ ಹಾಗಿರುವುದಿಲ್ಲ. ಒಳಗೇ ಕೂತು ಗ್ರಹ ಬಿಟ್ಟು ಹೋಗುವುದೊಂದೇ ದಾರಿ.

ಆಟಕ್ಕೆ ಪ್ರೇಕ್ಷಕರು ಇಬ್ಬರು: ನಾನು, ಮತ್ತು ಪಕ್ಕದ ಮನೆಯ ಕಾಕಾ. ಕಾಕಾ ಅವರಿಗೆ ಒಂದಿಷ್ಟು ಎರಿ ಹೊಲ, ಒಂದು ಜೋಡಿ ಎತ್ತು, ಪ್ರಪಂಚದ ಎಲ್ಲ ವಿಷಯಗಳ ಮೇಲೆ ಒಂದೊಂದು ಅಭಿಪ್ರಾಯ ಇವೆ.

“ಯವ್ವಾ, ನಿನ್ನ ರಾಕೆಟ್ ವಾಲಾಕತ್ತೈತಿ ನೋಡು.”

“ನಾನ ವಾಲ್ಸಾಕತ್ತೀನಿ ಅಜ್ಜಾ.”

“ಮತ್ತ ಮ್ಯಾಲ ಹೆಂಗ ಹೋಗ್ತೈತಿ?”

“ಬರೇ ಮ್ಯಾಲ ಹೋದ್ರ ಕೆಳಗ ಬೀಳ್ತೈತಿ. ಅಡ್ಡ ಹೋದ್ರ ಬೀಳೂದಿಲ್ಲ.”

ಕಾಕಾ ನನ್ನ ಮುಖ ನೋಡಿದರು. ಹುಡುಗಿಗೆ ಬಿಸಿಲು ಬಡಿದಿಲ್ಲ ತಾನೆ ಎಂಬ ಪ್ರಶ್ನೆ ಆ ನೋಟದಲ್ಲಿತ್ತು.

ಆದರೆ ಹುಡುಗಿ ಹೇಳಿದ್ದು ನ್ಯೂಟನ್ ಹೇಳಿದ್ದನ್ನೇ. ಎತ್ತರದ ಬೆಟ್ಟದ ಮೇಲೆ ತೋಪು ಇಟ್ಟು ಅಡ್ಡಕ್ಕೆ ಗುಂಡು ಹೊಡೆಯಿರಿ ಅಂದಿದ್ದ ಆತ. ನಮಗೆ ಬೆಟ್ಟ ಹುಡುಕುವ ಕಷ್ಟವಿಲ್ಲ. ನರಗುಂದ, ರೋಣ, ಗಜೇಂದ್ರಗಡ ಮೂರೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲೆ ಪಡುವಣದಿಂದ ಮೂಡಣಕ್ಕೆ ಸಾಲಾಗಿ ಕೂತಿವೆ. ನರಗುಂದದ ಗುಡ್ಡದ ಮೇಲಿಂದ ಪೂರ್ವಕ್ಕೆ ಹೊಡೆದ ಗುಂಡು ರೋಣದ ಹೊಲದಲ್ಲಿ ಬಿತ್ತು ಅನ್ನಿ. ಇನ್ನೂ ಜೋರಾಗಿ ಹೊಡೆದರೆ ಗಜೇಂದ್ರಗಡ. ಇನ್ನೂ ಜೋರಾದರೆ ಬಂಗಾಳ ಕೊಲ್ಲಿ. ಗಾಳಿಯ ತಡೆ ಇಲ್ಲವೆಂದು ಇಟ್ಟುಕೊಂಡು ಸೆಕೆಂಡಿಗೆ ಸುಮಾರು 8 ಕಿ.ಮೀ. ವೇಗ ಕೊಟ್ಟಿರೋ, ಗುಂಡು ಎಷ್ಟು ಬೀಳುತ್ತದೋ ಭೂಮಿಯೂ ಅಷ್ಟೇ ಬಾಗಿ ಕೆಳಗೆ ಸರಿಯುತ್ತದೆ. ಗುಂಡು ಬೀಳುತ್ತಲೇ ಇರುತ್ತದೆ, ನೆಲ ಸಿಗುವುದಿಲ್ಲ. ಒಂದೂವರೆ ತಾಸಿನೊಳಗೆ ಅದು ಪಡುವಣದಿಂದ ಬಂದು ತೋಪಿನವನ ಬೆನ್ನಿಗೆ ಬಡಿಯುತ್ತದೆ. ಇದಕ್ಕೆ ಕಕ್ಷೆ ಅಂತ ಹೆಸರು.

ಕೆರ್ಬಿನ್ ಸಣ್ಣದಾದ್ದರಿಂದ ಕೆಲಸ ಹಗುರ. ಅಲ್ಲಿ 70 ಕಿ.ಮೀ.ಗೆ ಗಾಳಿ ಮುಗಿಯುತ್ತದೆ. 80 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ 2,280 ಮೀಟರಿನಷ್ಟು ಅಡ್ಡ ವೇಗವಿದ್ದರೆ ಸಾಕು. ಹೊಸಬರು ಮೂಗಿನ ನೇರಕ್ಕೆ ಮೇಲೇರಿ, ಇಂಧನ ಮುಗಿಸಿ, ಏರಿದ ದಾರಿಯಲ್ಲೇ ವಾಪಸು ಬರುತ್ತಾರೆ. ಹಾಗಲ್ಲ. ವೇಗ ಸೆಕೆಂಡಿಗೆ 100 ಮೀಟರ್ ಆಗುತ್ತಲೇ ಸ್ವಲ್ಪ ಸ್ವಲ್ಪವೇ ಪೂರ್ವಕ್ಕೆ ಬಾಗಿಸಬೇಕು; ಅದಕ್ಕೆ ‘ಡಿ’ ಗುಂಡಿ. 10 ಕಿ.ಮೀ. ಹೊತ್ತಿಗೆ ಅರ್ಧ ಬಾಗಿರಬೇಕು. ದಾರಿಯ ಮೇಲ್ತುದಿ 80 ಮುಟ್ಟಿದೊಡನೆ ಎಂಜಿನ್ ಬಂದ್ ಮಾಡಿ, ಆ ತುದಿಗೆ ಹೋಗಿ ಮುಟ್ಟುವಾಗ ಪೂರ್ತಿ ಅಡ್ಡಕ್ಕೆ ಉರಿಸಬೇಕು.

ಪೂರ್ವವೇ ಯಾಕೆ? ನೆಲವೇ ಪೂರ್ವಕ್ಕೆ ಓಡುತ್ತಿರುತ್ತದಲ್ಲ, ಅಷ್ಟು ವೇಗ ಪುಕ್ಕಟೆ. ಶ್ರೀಹರಿಕೋಟಾ ಪೂರ್ವ ಕರಾವಳಿಯಲ್ಲಿರುವುದಕ್ಕೆ ಇದೂ ಒಂದು ಕಾರಣ. ನಮ್ಮ ಅಕ್ಷಾಂಶದಲ್ಲಿ ನೆಲದ ಓಟ ತಾಸಿಗೆ 1,600 ಕಿ.ಮೀ. ಆಸುಪಾಸು. ರೋಣದ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತವನೂ ಆ ವೇಗದಲ್ಲಿ ಹೋಗುತ್ತಲೇ ಇದ್ದಾನೆ. ಬಸ್ಸು ಬರಲಿಲ್ಲ ಎಂದು ಗೊಣಗುವುದು ಬೇರೆ ಮಾತು.

ನರಗುಂದಕ್ಕೆ ತೋಪು ಹೊಸದಲ್ಲ, ನಮ್ಮ ಸೀಮೆಗೆ ರಾಕೆಟ್ಟಿನ ನೆಂಟಸ್ತಿಕೆಯೂ ಹೊಸದಲ್ಲ. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದದ ಕೋಟೆಗೆ ಮುತ್ತಿಗೆ ಹಾಕಿತು. ಅಲ್ಲಿಂದ ಹೊತ್ತಿಕೊಂಡ ಮೈಸೂರು–ಮರಾಠಾ ಜಗಳ 1787ರಲ್ಲಿ ಗಜೇಂದ್ರಗಡದಲ್ಲಿ ಕಾಗದಕ್ಕೆ ಸಹಿ ಬಿದ್ದು ಮುಗಿಯಿತು. ಆ ಕಾಲದಲ್ಲಿ ಕಬ್ಬಿಣದ ಕೊಳವೆಯ ರಾಕೆಟ್ ಇದ್ದದ್ದು ಮೈಸೂರಿನವರ ಕೈಯಲ್ಲಿ. ಕಾಗದದ ಕೊಳವೆಗಿಂತ ಕಬ್ಬಿಣದ್ದು ಹೆಚ್ಚು ಒತ್ತಡ ತಾಳುತ್ತದೆ, ಹಾಗಾಗಿ ದೂರ ಹೋಗುತ್ತದೆ. ಇಂಗ್ಲಿಷರು ಅದನ್ನು ಲಂಡನ್ನಿಗೆ ಒಯ್ದು ನೋಡಿದರು, ಅವರ ಪೈಕಿ ಕಾಂಗ್ರೀವ್ ಎಂಬವನು ತನ್ನದೊಂದನ್ನು ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಳೆಯ ಬಾವಿಯೊಂದರಿಂದ ಸಾವಿರದಷ್ಟು ತುಕ್ಕು ಹಿಡಿದ ಕೊಳವೆಗಳನ್ನು ಹೊರತೆಗೆದರು.

ಆ ಕೊಳವೆಗೆ ಉದ್ದನೆಯ ಬಿದಿರು ಕಟ್ಟುತ್ತಿದ್ದರು ಎಂಬುದನ್ನು ಆಟವಾಡುವವರು ನೆನಪಿಡಬೇಕು. ಗಾಳಿಯ ಎಳೆತ ಹಿಂದೆ, ಭಾರ ಮುಂದೆ ಇದ್ದರೆ ರಾಕೆಟ್ ಮೂಗು ಹಿಡಿದು ಹೋಗುತ್ತದೆ. ತಿರುಗುಮುರುಗಾದರೆ ಆಕಾಶದಲ್ಲಿ ಲಾಗ ಹೊಡೆಯುತ್ತದೆ. ನಮ್ಮ ಹುಡುಗಿ ಚೆಂದ ಕಾಣಲಿ ಎಂದು ರೆಕ್ಕೆಗಳನ್ನೆಲ್ಲ ತಲೆಯ ಹತ್ತಿರ ಅಂಟಿಸುತ್ತಿದ್ದಳು. “ಬಾಲ ತಲಿಗೆ ಹಚ್ಚಿದ್ರ ಯಾವ ಪ್ರಾಣಿ ನೆಟ್ಟಗ ಹೋದೀತವ್ವಾ?” ಎಂದು ಕಾಕಾ ಕೇಳಿದ ಮೇಲೆ ರೆಕ್ಕೆ ಕೆಳಗಿಳಿದವು, ಲಾಗ ನಿಂತವು.

ಆಟದ ಅತ್ಯಂತ ಕ್ರೂರ ಗಣಿತವೂ ಕಾಕಾ ಅವರಿಗೇ ಬೇಗ ಹೊಳೆಯಿತು. ದೂರ ಹೋಗಬೇಕೆಂದರೆ ಇಂಧನ ಬೇಕು. ಆ ಇಂಧನವನ್ನು ಎತ್ತಲಿಕ್ಕೆ ಮತ್ತಷ್ಟು ಇಂಧನ. ಆ ಮತ್ತಷ್ಟನ್ನು ಎತ್ತಲಿಕ್ಕೆ ಇನ್ನಷ್ಟು. “ತಿಳೀತು ಬಿಡು. ದೂರದ ಊರಿಗೆ ಬಂಡಿ ಹೂಡಿದ್ವಿ, ದಾರ್ಯಾಗ ಮೇವು ಸಿಗೂದಿಲ್ಲ. ಎತ್ತಿನ ಮೇವು ಬಂಡಿಯಾಗ ಹೇರಿದ್ವಿ. ಭಾರ ಆತು ಅಂತ ಮತ್ತೊಂದು ಜೋಡಿ ಎತ್ತು. ಅವಕ್ಕೂ ಮೇವು ಬೇಕಲ್ಲ! ಕಡೀಕ ಬಂಡಿ ತುಂಬ ಮೇವು, ಕುಂದ್ರಾಕ ಜಾಗಾ ಇಲ್ಲ.” ಇದನ್ನೇ ಲಾಗರಿದಮ್ ಹಾಕಿ ಬರೆದರೆ ರಷ್ಯಾದ ತ್ಸಿಯೊಲ್ಕೋವ್‌ಸ್ಕಿಯ ಸಮೀಕರಣ. ಚಂದ್ರಯಾನ–3 ಹೊತ್ತ ಎಲ್‌ವಿಎಂ–3 ನೆಲ ಬಿಡುವಾಗ 640 ಟನ್ ಇತ್ತು. ಹೊತ್ತ ಸಾಮಾನು 3,900 ಕಿಲೋ. ಕೊನೆಗೆ ಚಂದ್ರನ ಮೇಲೆ ನೂರು ಮೀಟರ್ ಚಿಲ್ಲರೆ ಓಡಾಡಿದ ಪ್ರಜ್ಞಾನ್ 26 ಕಿಲೋ. ಹೀಗಾಗಿ ರಾಕೆಟ್ ಮೇಲೇಳದಿದ್ದರೆ ಬುಡಕ್ಕೆ ಎಂಜಿನ್ ಕೂಡಿಸುವ ಮೊದಲು ತುದಿಯ ಭಾರ ಕಳೆಯಬೇಕು. “ಮೂರು ಮಂದಿ ಯಾಕ ಹೊಂಟಾರ? ದಿಬ್ಬಣ ಏನು? ಒಬ್ಬನ್ನ ಕಳಸು,” ಎಂದರು ಕಾಕಾ. ಒಬ್ಬನೇ ಹೋದ. ಮುಟ್ಟಿದ.

ಒಮ್ಮೆ ಕಕ್ಷೆಗೆ ಬಂದರೆ ಆಮೇಲೆ ಭಾರೀ ಪುರುಸೊತ್ತು. 80 ಕಿ.ಮೀ.ನಲ್ಲಿ ಕೆರ್ಬಿನ್ ಸುತ್ತಿ ಬರಲು ಅರ್ಧ ತಾಸು ಹಿಡಿಯುತ್ತದೆ. ಕಾಲವನ್ನು ಓಡಿಸುವ ಗುಂಡಿ ಆಟದಲ್ಲಿದೆ, ಮಕ್ಕಳೆಲ್ಲ ಅದನ್ನೇ ಒತ್ತುತ್ತಾರೆ. ಒತ್ತಬಾರದೆಂಬುದು ನನ್ನ ಮತ. ಭೀಮಸೇನ ಜೋಶಿಯವರ ಒಂದು ವಿಲಂಬಿತ ಖ್ಯಾಲ್ ಹಚ್ಚಿ ಕೂಡಬೇಕು. ಬಡಾ ಖ್ಯಾಲ್ ಮುಗಿದು ದ್ರುತ್ ಏರುವ ಹೊತ್ತಿಗೆ ಹೊರಟ ಜಾಗದ ಮೇಲೇ ಬಂದಿರುತ್ತೀರಿ. ಅವರು 1922ರಲ್ಲಿ ಹುಟ್ಟಿದ್ದು ಇದೇ ರೋಣದಲ್ಲಿ. ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದವರು, ಗ್ವಾಲಿಯರ್ ತನಕ. ಮುಂದೆ ಕಚೇರಿಯಿಂದ ಕಚೇರಿಗೆ ವಿಮಾನದಲ್ಲಿ ಎಷ್ಟು ಹಾರಾಡಿದರೆಂದರೆ ಪು. ಲ. ದೇಶಪಾಂಡೆ ಅವರಿಗೆ ಹವಾಯಿ ಗಂಧರ್ವ ಎಂದು ಹೆಸರಿಟ್ಟರು. ಅವರ ಹಾಡು ಬಾಹ್ಯಾಕಾಶಕ್ಕೆ ಒಪ್ಪುವುದಿಲ್ಲ ಎಂದರೆ ಇನ್ನಾರದು ಒಪ್ಪೀತು? 1977ರ ವಾಯೇಜರ್ ನೌಕೆಗಳ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಇದ್ದಾರೆ. ಐವತ್ತೈದು ಭಾಷೆಗಳ ಶುಭಾಶಯಗಳ ನಡುವೆ ಕನ್ನಡವೂ ಇದೆ. ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿದ ಕನ್ನಡ ಈಗ ಸೆಕೆಂಡಿಗೆ 17 ಕಿ.ಮೀ. ವೇಗದಲ್ಲಿ ಹೋಗುತ್ತಿದೆ. ನಾವು ಮಾತ್ರ ಗದಗ ದಾಟಲು ಬಸ್ಸು ಕಾಯುತ್ತೇವೆ.

ಕಕ್ಷೆಯಲ್ಲಿ ತಲೆ ಕೆಡಿಸುವ ವಿದ್ಯೆಯೆಂದರೆ ಇನ್ನೊಂದು ನೌಕೆಯನ್ನು ಹಿಡಿಯುವುದು. ಮುಂದೆ ಹೋಗುತ್ತಿರುವವನನ್ನು ಹಿಡಿಯಬೇಕೆಂದು ಜೋರು ಮಾಡಿದರೆ ನೀವು ಮೇಲಿನ ದೊಡ್ಡ ಸುತ್ತಿಗೆ ಏರುತ್ತೀರಿ, ಸುತ್ತು ದೊಡ್ಡದಾದಷ್ಟು ಹೊತ್ತೂ ಹೆಚ್ಚು, ಕೊನೆಗೆ ಇನ್ನೂ ಹಿಂದೆ. ವೇಗ ತಗ್ಗಿಸಿ ಕೆಳಗಿನ ಸಣ್ಣ ಸುತ್ತಿಗೆ ಇಳಿದರೆ ಮುಂದೆ ಬರುತ್ತೀರಿ. 1965ರಲ್ಲಿ ಜೆಮಿನಿ–4ರ ಮ್ಯಾಕ್‌ಡಿವಿಟ್ ತನ್ನದೇ ರಾಕೆಟ್ಟಿನ ಕಳಚಿದ ತುಂಡಿನ ಹತ್ತಿರ ಹೋಗಲು ಅದರತ್ತ ಮುಖ ಮಾಡಿ ಉರಿಸಿದ. ಅದು ದೂರವೇ ಆಯಿತು. ನಮ್ಮ ಇಸ್ರೋದವರು ಸ್ಪೇಡೆಕ್ಸ್‌ನ ಎರಡು ನೌಕೆಗಳನ್ನು 2024ರ ಡಿಸೆಂಬರ್ 30ಕ್ಕೆ ಕಳಿಸಿ, ಅವಸರ ಮಾಡದೆ, ದಿನಾಂಕ ಮುಂದೂಡುತ್ತ, ಮೂರು ಮೀಟರ್ ತನಕ ಹತ್ತಿರ ತಂದು ಮತ್ತೆ ದೂರ ಸರಿಸಿ, ಜನವರಿ 16ಕ್ಕೆ ಜೋಡಿಸಿದರು. ಟಿ.ವಿ. ನೋಡುತ್ತಿದ್ದವರಿಗೆ ಬೇಸರವಾಗಿರಬಹುದು. ಈ ಆಟ ಆಡಿದವರು ಕೈಮುಗಿದಿದ್ದಾರೆ.

ಇಳಿಯುವ ವಿಷಯಕ್ಕೆ ಬಂದರೆ, ಮೊದಲ ಬಾರಿಗೆ ಕೆರ್ಬಿನ್ನಿನ ಹತ್ತಿರದ ಚಂದ್ರ ಮುನ್‌ಗಿಂತ ದೂರದ ಸಣ್ಣ ಚಂದ್ರ ಮಿನ್ಮಸ್ ಲೇಸು. ಅಲ್ಲಿ ಸೆಳೆತ ಕಡಿಮೆ, ಮೇಲಾಗಿ ಸಪಾಟು ಬಯಲುಗಳಿವೆ. ಎರಿಭೂಮಿಯವರಿಗೆ ಅಲ್ಲಿಳಿದರೆ ಮನೆಗೆ ಬಂದ ಹಾಗೆ. ಮೊದಲು ಅಡ್ಡ ವೇಗ ಕೊಲ್ಲಬೇಕು, ಆಮೇಲೆ ಕೆಳಗಿನದು. ಕಾಲುಗಳ ನಡುವಿನ ಅಗಲ ನೌಕೆಯ ಎತ್ತರಕ್ಕಿಂತ ಕಡಿಮೆ ಇರಬಾರದು. ಸೌರ ಫಲಕ ಮರೆಯಬಾರದು. ಬ್ಯಾಟರಿ ಖಾಲಿಯಾದರೆ ಮನುಷ್ಯರಿಲ್ಲದ ನೌಕೆ ಹೇಳಿದ ಮಾತು ಕೇಳುವುದಿಲ್ಲ. “ಅಲ್ಲೂ ಕರೆಂಟ್ ಹೋಗ್ತೈತೇನು!” ಎಂದು ಕಾಕಾ ಬಹಳ ಸಮಾಧಾನಪಟ್ಟರು.

2023ರ ಆಗಸ್ಟ್ 23ರ ಸಂಜೆ, ನಾಗರ ಪಂಚಮಿ ಮುಗಿದು ಎರಡೇ ದಿನ. ಡಬ್ಬಿಯಲ್ಲಿ ಶೇಂಗಾ ಉಂಡಿ ಇನ್ನೂ ಇದ್ದವು. ಚಂದ್ರಯಾನ–3ರ ವಿಕ್ರಮ್ ಚಂದ್ರನ ಮೇಲೆ 30 ಕಿ.ಮೀ. ಎತ್ತರದಿಂದ ಇಳಿಯತೊಡಗಿತ್ತು. ಆಗ ಅದರ ಅಡ್ಡ ವೇಗ ಸೆಕೆಂಡಿಗೆ 1.68 ಕಿ.ಮೀ. ಟಿ.ವಿ.ಯಲ್ಲಿ ಗೆರೆಯೊಂದು ಬಾಗುತ್ತಿತ್ತು, ನಿರೂಪಕರು ದೇಶಭಕ್ತಿಯ ಮಾತಾಡುತ್ತಿದ್ದರು. ಹುಡುಗಿ ಫೋನಿನಲ್ಲಿ ಹುಬ್ಬಳ್ಳಿಯಿಂದ ನಮಗೆ ನಿಜವಾದ ವೀಕ್ಷಕ ವಿವರಣೆ ಕೊಡುತ್ತಿದ್ದಳು: “ಮಾಮಾ, ಅಡ್ಡ ವೇಗ ಸತ್ತಿತು. ಈಗ ನೆಟ್ಟಗ ನಿಂತೈತಿ. ಇನ್ನ ಹೆದರಿಕಿಲ್ಲ.” 6 ಗಂಟೆ 4 ನಿಮಿಷಕ್ಕೆ ಇಳಿಯಿತು. 2019ರಲ್ಲಿ ಮೊದಲಿನ ವಿಕ್ರಮ್ ಬಿದ್ದ ಮೇಲೆ ಕಾಲು ಗಟ್ಟಿ ಮಾಡಿದ್ದರು, ಐದರಲ್ಲಿ ಒಂದು ಎಂಜಿನ್ ತೆಗೆದಿದ್ದರು, ಇಂಧನ ಹೆಚ್ಚಿಸಿದ್ದರು, ಇಳಿಯುವ ಜಾಗವನ್ನು ಅರ್ಧ ಕಿ.ಮೀ. ಚೌಕದಿಂದ ನಾಲ್ಕು ಕಿ.ಮೀ. ಉದ್ದಕ್ಕೆ ಹಿಗ್ಗಿಸಿದ್ದರು. ಆಟದಲ್ಲಿ ಬಿದ್ದರೆ ಎಫ್–9 ಒತ್ತಿದರಾಯಿತು, ಹಿಂದೆ ಎಫ್–5 ಒತ್ತಿ ಉಳಿಸಿಟ್ಟ ಗಳಿಗೆಗೆ ಮರಳಬಹುದು. ಇಸ್ರೋದವರ ಎಫ್–9 ಕೆಲಸ ಮಾಡಲು ನಾಲ್ಕು ವರ್ಷ ಹಿಡಿಯಿತು.

ಲ್ಯಾಪ್‌ಟಾಪ್ ಇಲ್ಲದವರಿಗೆ ಮೊಬೈಲಿನಲ್ಲಿ ಸ್ಪೇಸ್‌ಫ್ಲೈಟ್ ಸಿಮ್ಯುಲೇಟರ್ ಎಂಬುದೊಂದಿದೆ, ಗೋಡೆಗೆ ಬರೆದ ಚಿತ್ರದ ಹಾಗೆ ಎರಡೇ ಆಯಾಮ. ಬುದ್ಧಿ ಅಷ್ಟೇ ಬರುತ್ತದೆ. ತೀರ ಶಿಸ್ತಿನವರಿಗೆ ಮಾರ್ಟಿನ್ ಶ್ವೈಗರ್ 2000ದಲ್ಲಿ ಬಿಟ್ಟ ಆರ್ಬಿಟರ್, ಪುಕ್ಕಟೆ, ನಿಜವಾದ ಅಳತೆಯ ಭೂಮಿ. ಅದರಲ್ಲಿ ಹಸಿರು ಮಂದಿ ಇಲ್ಲ, ನಗುವವರೂ ಇಲ್ಲ.

ಹಸಿರು ಮಂದಿಯ ಪೈಕಿ ಬಾಬ್ ಎಂಬವನು ಕಳೆದ ಸೂಟಿಯಿಂದ ಮಿನ್ಮಸ್ ಮೇಲೆ ಇಂಧನವಿಲ್ಲದೆ ಕೂತಿದ್ದಾನೆ. ಅವನನ್ನು ಕರೆತರಲು ಹೋದ ಬಿಲ್ ಪಕ್ಕದಲ್ಲೇ ಇಳಿದ, ನೌಕೆ ಮಗುಚಿತು, ಈಗ ಇಬ್ಬರು. ಇಬ್ಬರನ್ನೂ ತರುವ ದೊಡ್ಡ ರಾಕೆಟ್ಟಿನ ನಕ್ಷೆ ನಡೆದಿದೆ. ಮೊನ್ನೆ ಕಾಕಾ ವಿಚಾರಿಸಿದರು:

“ಅಲ್ಲಾ, ಅವರು ಊಟಕ್ಕ ಏನ್ ಮಾಡ್ತಾರ?”

“ಈ ಆಟದಾಗ ಅವರಿಗೆ ಊಟ ಬ್ಯಾಡ ಅಜ್ಜಾ.”

“ನೀರು?”

“ಅದೂ ಬ್ಯಾಡ.”

“ಪಗಾರ?”

“ಅವರೇನೂ ಕೇಳೂದಿಲ್ಲ.”

ಕಾಕಾ ಪರದೆಯ ಹತ್ತಿರ ಬಗ್ಗಿ ಇಬ್ಬರನ್ನೂ ನೋಡಿದರು. “ಹೊಲಕ್ಕ ಆಳು ಸಿಗವಲ್ರು ಯವ್ವಾ. ಇಳಿಸೂದಾದ್ರ ನಮ್ಮ ಎರಿಯಾಗ ಇಳಸು.”