ಸೊಂಟಕ್ಕೊಬ್ಬ ಡಾಕ್ಟ್ರು

(ಹೊಸ ಅಗ್ರಹಾರದ ಟೀ ಅಂಗಡಿ. ದೊಡ್ಡಪ್ಪ ಸೊಂಟ ಹಿಡಿದುಕೊಂಡು ಬೆಂಚಿನ ಮೇಲೆ ಓರೆಯಾಗಿ ಕೂತಿದ್ದಾರೆ.)

ಹೈದ: ದೊಡ್ಡಪ್ಪ, ಮೈಸೂರಿಗೆ ಹೋಗಿ ನೋವಿನ ಡಾಕ್ಟ್ರಿಗೆ ತೋರ್ಸನ ನಡಿ.

ದೊಡ್ಡಪ್ಪ: ನೋವಿಗೂ ಬ್ಯಾರೆ ಡಾಕ್ಟ್ರಾ? ಏನೋದಿರ್ತರ್ಲಾ ಅವ್ರು?

ಹೈದ: ಸುಮಾರು ಜನ ಅರಿವಳಿಕೆ ಓದಿ, ಆಮೇಲೆ ನೋವಿಂದೇ ತರಬೇತಿ ಮಾಡಿರ್ತರೆ.

ದೊಡ್ಡಪ್ಪ: ಆಪರೇಸನ್‌ಗೆ ಮುಂಚೆ ಮಲಗ್ಸೋರಾ! ನಂಗೆ ನಿದ್ದೆ ಚೆನ್ನಾಗೇ ಬತ್ತದೆ. ನಮ್ ಸೂಜಿಯೋರೇ ಸಾಕು. ನೋವೆಲ್ಲಿ ಅಂತ ಹೇಳೋಕ್ಮುಂಚೆ ಚುಚ್ಚಿರ್ತರೆ.

ಹೈದ: ಅವ್ರ ಚೀಟೀಲಿ ಮೆಡಿಕಲ್ ಕೌನ್ಸಿಲ್ ನೋಂದಣಿ ನಂಬರ್ ಅದಾ?

ದೊಡ್ಡಪ್ಪ: ಬೈಕ್‌ಗೆ ಅದೆ.

ಹೈದ: ಸೂಜೀಲಿ ಏನೌಸ್ದಿ?

ದೊಡ್ಡಪ್ಪ: ಡೈಕ್ಲೋಫೆನಾಕ್ ಅಂತೆ. ಹಿಂದೆ ನಮ್ ದನಕ್ಕೂ ಅದ್ನೇ ಹಾಕಿದ್ರು, ಎದ್ ನಿಂತಿತ್ತು.

ಹೈದ: ಅಂಥ ದನ ಸತ್ತಾಗ ತಿಂದ ರಣಹದ್ದುಗಳು ಕಿಡ್ನಿ ಹೋಗಿ ಸತ್ವು. ಅದ್ಕೇ 2006ರಲ್ಲಿ ದನಕ್ಕೆ ನಿಷೇಧ ಮಾಡಿದ್ರು. ಮನಸ್ಸಿಗೆ ಬಂದಂಗೆ ಹಾಕಿಸ್ಕಂಡ್ರೆ ನಿನ್ ಕಿಡ್ನಿಗೂ ಕುತ್ತು.

ದೊಡ್ಡಪ್ಪ: ಹದ್ದಿಗೆ ಸರ್ಕಾರ ಅದೆ. ನಂಗೆ?

ಹೈದ: ನಾನಿಲ್ವಾ? ಯಾವಾಗಿಂದ ನೋವು, ಕಾಲಿಗೆ ಇಳೀತದಾ, ಜೋಮು ಹಿಡೀತದಾ ಅಂತ ಕೇಳಿ, ಮುಟ್ಟಿ ನೋಡೋ ಡಾಕ್ಟ್ರು ಬೇಕು.

ದೊಡ್ಡಪ್ಪ: ಅಷ್ಟೊಂದ್ ವಿಚಾರ್ಸೋಕೆ ಹೆಣ್ ಕೇಳೋಕೆ ಬಂದವ್ರಾ? ಆಗ್ಲಿ, ನಡಿ. ಹೋಗ್ತಾ ಒಂದ್ ಸೂಜಿ ಹಾಕಿಸ್ಕಂಡೇ ಹೋಗನ.

ಹೈದ: ಅದ್ಯಾಕೆ?

ದೊಡ್ಡಪ್ಪ: ಮೈಸೂರ್ಗಂಟ ಬಸ್ಸಲ್ಲಿ ಕೂರ್ಬೇಕಲ್ಲ!