ಹಗುರ ಕೋವಿಯ ಹೊರಲಾರದ ಭಾರ

ಅಮೆರಿಕದಲ್ಲಿ ಸಂಸಾರ ಹೂಡಿರುವ ಕನ್ನಡಿಗರ ಮನೆಯಲ್ಲಿ ದೇವರ ಪಟ ಇಲ್ಲದಿದ್ದರೂ ಇಲ್ಲದಿರಬಹುದು, ಸೂಟ್‌ಕೇಸ್ ತೂಗುವ ಕೊಕ್ಕೆ ಮಾತ್ರ ಇದ್ದೇ ಇರುತ್ತದೆ. ಊರಿಂದ ಬರುವಾಗ ಒಂದು ಪೆಟ್ಟಿಗೆಗೆ 23 ಕೆ.ಜಿ. ಮಿತಿ. ನನ್ನ ಹೆಂಡತಿ ಅಷ್ಟರೊಳಗೆ ಸಾರಿನ ಪುಡಿ, ಹುರಿಗಾಳು, ನಾದಿನಿ ಕೊಟ್ಟ ಹಿತ್ತಾಳೆ ದೀಪ, ಇಡ್ಲಿ ತಟ್ಟೆ ಎಲ್ಲವನ್ನೂ ತುರುಕಿ, ಮುಳ್ಳನ್ನು 22.9ಕ್ಕೆ ತಂದು ನಿಲ್ಲಿಸುವ ಕಲಾವಿದೆ. ತೂಕ ಹೆಚ್ಚಾದಾಗ ಹೊರಬೀಳುವುದು ಪ್ರತಿ ಸಲವೂ ನನ್ನ ಶರ್ಟುಗಳೇ ಎಂಬುದು ಬೇರೆ ಮಾತು. ಇಂಥವಳ ಮುಂದೆ ಹೋಗಿ ನಾನು "ಹಗುರದ್ದೊಂದು ರೈಫಲ್ ತಗೋಬೇಕು ಕಣೇ" ಅಂದೆ.

"ಯಾಕೆ, ಊರಿಗೆ ತಗೊಂಡು ಹೋಗ್ಬೇಕಾ?" ಅಂದಳು.

ನಾವಿರುವುದು ಕೊಲೊರಾಡೊದಲ್ಲಿ. ಇಲ್ಲಿ ಎಲ್ಕ್ ಎಂಬ ಪ್ರಾಣಿ ಅಮೆರಿಕದ ಬೇರೆ ಯಾವ ರಾಜ್ಯಕ್ಕಿಂತಲೂ ಹೆಚ್ಚು. ನಮ್ಮ ಕಡವೆಗೆ ಅಣ್ಣನಾಗಬೇಕು, ಬಲಿತ ಗಂಡು ಮುನ್ನೂರು ಕೆ.ಜಿ. ದಾಟುತ್ತದೆ. ಅಕ್ಟೋಬರ್ ಬಂತೆಂದರೆ ಆಫೀಸಿನಲ್ಲಿ ಯಾರಿಗೂ ಕೋಡ್ ಬೇಡ, ಬರೀ ಷಿಕಾರಿ ಮಾತು. ನಾನೂ ಸುಮ್ಮನಿರಲಾರದೆ "ನಮ್ಮದೂ ಷಿಕಾರಿ ಮನೆತನ" ಎಂದುಬಿಟ್ಟೆ. ಪೂರಾ ಸುಳ್ಳೇನಲ್ಲ. ಸಕಲೇಶಪುರದ ಕಡೆ ನಮ್ಮ ತಾತನ ಹತ್ತಿರ ಒಂದು ಕೇಪಿನ ಕೋವಿ ಇತ್ತು. ಆದರೆ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ನಮ್ಮಲ್ಲಿ ಬೇಟೆಯ ಕಥೆ ಮುಗಿಯಿತು, ನಾನು ಹುಟ್ಟುವ ಹೊತ್ತಿಗೆ ಆ ಕೋವಿ ಗೋಡೆಯ ಮೊಳೆಗೇ ಮೀಸಲು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕಾಗಿತ್ತು. ಗೋಡೆಯಿಂದ ಠಾಣೆಗೆ, ಠಾಣೆಯಿಂದ ಗೋಡೆಗೆ, ಅದಿಷ್ಟೇ ಅದರ ಷಿಕಾರಿ. ಇದನ್ನೆಲ್ಲ ಆಫೀಸಿನಲ್ಲಿ ವಿವರಿಸಲು ಹೋಗಲಿಲ್ಲ.

ಓದು ಮಾತ್ರ ಗಟ್ಟಿ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆ್ಯಂಡರ್ಸನ್, ಕಾರ್ಬೆಟ್ ಎಲ್ಲ ಹಾಸಿಗೆಯಲ್ಲಿ ಮಲಗಿಯೇ ಮುಗಿಸಿದವನು ನಾನು. 1907ರಲ್ಲಿ ಚಂಪಾವತ್‌ನ ನರಭಕ್ಷಕಿಯನ್ನು ಹೊಡೆದದ್ದಕ್ಕೆ ಕಾರ್ಬೆಟ್ಟರಿಗೆ ಉಡುಗೊರೆಯಾಗಿ ಸಿಕ್ಕಿದ .275 ರಿಗ್ಬಿ ಕೂಡ ಹಗುರದ ಬೋಲ್ಟ್ ರೈಫಲ್ಲೇ, ಅಂದರೆ ಅಗುಳಿ ಎಳೆದು ತೋಟಾ ಏರಿಸುವಂಥದ್ದು. ಅವರಿಗೂ ನನಗೂ ಅಭಿರುಚಿ ಒಂದೇ ಎಂದು ತೀರ್ಮಾನಿಸಿಕೊಂಡೆ.

ಮೊದಲು ಬೇಟೆ ಶಿಕ್ಷಣದ ತರಗತಿ. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಆ ಸರ್ಟಿಫಿಕೇಟ್ ಇಲ್ಲದೆ ಇಲ್ಲಿ ಬೇಟೆಯ ಲೈಸೆನ್ಸ್ ಕೇಳುವಂತಿಲ್ಲ. ಹೋಗಿ ನೋಡಿದರೆ ಸುತ್ತ ಕೂತವರೆಲ್ಲ ಹತ್ತು ಹನ್ನೆರಡರ ಹೈಕಳು. ಪಕ್ಕದ ಹುಡುಗ ಎಲ್ಲ ಪ್ರಶ್ನೆಗೂ ಕೈ ಎತ್ತುತ್ತಿದ್ದ. ಪರೀಕ್ಷೆಯಲ್ಲಿ ನಾನು ಒಮ್ಮೆ ಕತ್ತು ಚಾಚಿದ್ದು ನಿಜ. ಅವನು ಕೈ ಅಡ್ಡ ಇಟ್ಟುಕೊಂಡ. ನಡೆಯುವಾಗ ನಳಿಗೆಯ ಹಿಂದಿನ ಗೂಡಿನಲ್ಲಿ ತೋಟಾ ಇರಬಾರದು, ಗುರಿ ಇಡುವ ಹೊತ್ತಿಗೆ ಬೋಲ್ಟ್ ಎಳೆದು ಏರಿಸಿಕೊಳ್ಳಬೇಕು ಎಂಬ ಒಂದು ಪಾಠವಂತೂ ನನ್ನ ತಲೆಯಲ್ಲಿ ಚೆನ್ನಾಗಿ ಕೂತಿತು. ಅರ್ಧ ಕೂತಿತು ಅನ್ನಿ. ಅದಕ್ಕೆ ಆಮೇಲೆ ಬರುತ್ತೇನೆ.

ಅಂಗಡಿಗೆ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಬೇಡ ಅಂದರೂ ಬರುತ್ತಿದ್ದಳು. ಮಾಮೂಲಿ ಬೋಲ್ಟ್ ರೈಫಲ್, ಅಂದರೆ 1936ರಿಂದ ಇರುವ ವಿಂಚೆಸ್ಟರ್ ಮಾಡೆಲ್ 70, 1962ರ ರೆಮಿಂಗ್ಟನ್ 700 ಜಾತಿಯವು, ಬರಿಮೈಯಲ್ಲಿ ಏಳೆಂಟು ಪೌಂಡ್. ದುರ್ಬೀನು, ಪಟ್ಟಿ, ತೋಟಾ ಸೇರಿದರೆ ನಾಲ್ಕು ಕೆ.ಜಿ. ಮುಟ್ಟುತ್ತದೆ. ಬೆಟ್ಟ ಹತ್ತುವವರಿಗೆಂದೇ ಐದು ಪೌಂಡಿಗಿಂತ ಕಡಿಮೆಯವೂ ಇವೆ. ಮಾರುವವನು ಒಂದನ್ನು ಕೈಗೆ ಕೊಟ್ಟ. ನಳಿಗೆಯನ್ನು ತೆಳ್ಳಗೆ ಹೆರೆದಿದ್ದಾರೆ. ಹಿಡಿ ಮರದ್ದಲ್ಲ, ಕಾರ್ಬನ್ ಫೈಬರ್. ಬೋಲ್ಟಿನ ಮೈತುಂಬ ಸುರುಳಿ ಗೀರು ಕೊರೆದಿದ್ದಾರೆ, ಅದರ ಹಿಡಿಕೆಯ ಗುಂಡನ್ನೂ ಟೊಳ್ಳು ಮಾಡಿದ್ದಾರೆ. ಎಲ್ಲೆಲ್ಲಿ ಕಬ್ಬಿಣ ಕೆರೆದು ತೆಗೆಯಬಹುದೋ ಅಲ್ಲೆಲ್ಲ ಕೆರೆದು, ಅದರ ಬದಲಿಗೆ ಬೆಲೆ ಅಂಟಿಸಿದ್ದಾರೆ. ಆರುನೂರು ಡಾಲರಿಗೂ ಒಳ್ಳೆ ರೈಫಲ್ ಸಿಗುತ್ತದೆ. ಇದು ಎರಡು ಸಾವಿರದ ಮೇಲೆ.

"ಸೀರೇಲಿ ಜರಿ ಕಮ್ಮಿಯಾದ್ರೆ ರೇಟೂ ಕಮ್ಮಿ ಆಗುತ್ತೆ. ಇಲ್ಲಿ ಕಬ್ಬಿಣ ಕಮ್ಮಿ ಮಾಡಿ ಜಾಸ್ತಿ ಕೇಳ್ತಾನಲ್ರೀ!" ಎಂದು ಹೆಂಡತಿ ಕನ್ನಡದಲ್ಲೇ ಗದರಿದಳು. ಅವನು ಮೆಚ್ಚುಗೆಯೆಂದುಕೊಂಡು ತಲೆಬಾಗಿದ.

ಆಮೇಲೆ ತೋಟಾ ಯಾವುದೆಂಬ ಪ್ರಶ್ನೆ. ಅವನು ನನ್ನ ಭುಜ ನೋಡಿ, ಹೊಟ್ಟೆ ನೋಡಿ, "6.5 ಕ್ರೀಡ್‌ಮೋರ್ ತಗೊಳ್ಳಿ, ಒದೆತ ಕಡಿಮೆ" ಎಂದ. ವಿಚಾರಿಸಿದರೆ ಅದು ಹುಟ್ಟಿದ್ದು 2007ರಲ್ಲಿ. ನನ್ನ ಮದುವೆಯಾದಮೇಲೆ ಹುಟ್ಟಿದ ತೋಟಾ ನನಗೇಕೆ? 1963ರ .300 ವಿಂಚೆಸ್ಟರ್ ಮ್ಯಾಗ್ನಮ್ಮೇ ಬೇಕೆಂದೆ. "ಇಷ್ಟು ಹಗುರದ ಕೋವಿಯಲ್ಲಿ ಅದಾ?" ಎಂದು ಹುಬ್ಬೇರಿಸಿದ. ಷಿಕಾರಿ ಮನೆತನದ ನಗೆಯೊಂದನ್ನು ನಕ್ಕೆ.

ದುಡ್ಡು ಕೊಟ್ಟ ಕೂಡಲೇ ಕೋವಿ ಕೊಡುವುದಿಲ್ಲ. 2023ರ ಅಕ್ಟೋಬರ್‌ನಿಂದ ಕೊಲೊರಾಡೊದಲ್ಲಿ ಮೂರು ದಿನ ಕಾಯಬೇಕು. ಕೋಪದಲ್ಲಿ ಕೊಳ್ಳುವವನು ತಣ್ಣಗಾಗಲಿ ಎಂಬುದು ಸರ್ಕಾರದ ಆಲೋಚನೆ. ಕೊಂಡವನ ಹೆಂಡತಿಗೂ ಅದೇ ಮೂರು ದಿನ ಸಿಗುತ್ತದೆಂದು ಸರ್ಕಾರಕ್ಕೆ ಹೊಳೆದಿಲ್ಲ.

"ಮಾಮೂಲಿ ಕೋವಿಗಿಂತ ಎಷ್ಟು ಉಳೀತು?"

"ಒಂದು ಕಾಲು, ಒಂದೂವರೆ ಕೆ.ಜಿ."

"ಯುಗಾದಿಯಿಂದೀಚೆಗೆ ನೀವು ಸೇರಿಸ್ಕೊಂಡಿರೋದು ನಾಲ್ಕು. ಲೇ ಪುಟ್ಟಿ, ಅದೇ ರೇಟಲ್ಲಿ ಅಪ್ಪನ ನಾಲ್ಕು ಕೆ.ಜಿ.ಗೆ ಎಷ್ಟಾಗತ್ತೆ ನೋಡು."

ಮಗಳು ಫೋನ್ ಒತ್ತಿ "ಅಪ್ಪಾ, ನೀನು ತುಂಬಾ ಕಾಸ್ಟ್ಲಿ!" ಎಂದಳು. ಹೆಂಡತಿ ಅಷ್ಟಕ್ಕೇ ಬಿಡಲಿಲ್ಲ. "ಸರಿ, ಹೊಡೆದ್ರಿ ಅಂತಿಟ್ಕೊಳ್ಳಿ. ಎಲ್ಲಿಡ್ತೀರಿ?" ಮೂಳೆ ಬಿಡಿಸಿದರೂ ಒಂದು ಎಲ್ಕ್‌ಗೆ ಎಂಬತ್ತು ತೊಂಬತ್ತು ಕೆ.ಜಿ. ಮಾಂಸ, ತಿನ್ನುವ ಮಾಂಸವನ್ನು ಕಾಡಿನಲ್ಲಿ ಬಿಟ್ಟುಬಂದರೆ ಇಲ್ಲಿ ಅಪರಾಧ. ನಮ್ಮ ಫ್ರೀಜರ್ ನಿಮಗೆ ಗೊತ್ತೇ ಇದೆ, ನಿಮ್ಮದೂ ಹಾಗೇ. ಹಿತಕಿದ ಅವರೆಕಾಳು, ತುರಿದ ಕಾಯಿ, ಕರಿಬೇವು, ಯಾವ ವರ್ಷದ್ದೋ ಹೋಳಿಗೆ ಹೂರಣ. ಅವರೆಕಾಳು ಕದಲಿಸುವ ಮಾತೆತ್ತಿದೆ. ಅವಳು ನನ್ನನ್ನು ನೋಡಿದಳು. ಮಾತು ಹಿಂತೆಗೆದುಕೊಂಡೆ.

ಕೋವಿ ಬಂತು, ಗುರಿ ಅಭ್ಯಾಸಕ್ಕೆ ಹೋದೆ. ಕೋವಿ ಹಗುರವಾದಷ್ಟೂ ಗುಂಡಿನ ಹಿಂದೊದೆತ ಜೋರು. ತೂಕ ಅರ್ಧವಾದರೆ ಒದೆತದ ಶಕ್ತಿ ಹೆಚ್ಚುಕಡಿಮೆ ದುಪ್ಪಟ್ಟು. ಈ ನ್ಯೂಟನ್ನನ ಪಾಠವನ್ನು ಪಿಯುಸಿಯಲ್ಲಿ ಬಾಯಿಪಾಠ ಮಾಡಿ ಒಳ್ಳೆ ಅಂಕ ತೆಗೆದಿದ್ದೆ. ಭುಜಕ್ಕೆ ಅರ್ಥವಾದದ್ದು ಈಗ. ದುರ್ಬೀನಿಗೆ ಕಣ್ಣನ್ನು ಅತಿ ಹತ್ತಿರ ಇಟ್ಟಿದ್ದೆನಾದ್ದರಿಂದ ಅದು ಹಿಂದಕ್ಕೆ ಹಾರಿ ಹುಬ್ಬಿನ ಮೇಲೆ ಅರ್ಧಚಂದ್ರ ಕೊರೆಯಿತು. ತೆಳು ನಳಿಗೆ ಮೂರು ನಾಲ್ಕು ಗುಂಡಿಗೇ ಕಾದುಬಿಡುತ್ತದೆ, ಆರುವವರೆಗೆ ಬಿಡುವು ಕೊಡಬೇಕು. ಕೊಟ್ಟೆ. ಬಿಡುವು ಯಾರಿಗೆ ಬೇಕಿತ್ತೆಂದು ಯಾರೂ ಕೇಳಲಿಲ್ಲ. ಆಮೇಲೆ ಟ್ರಿಗರ್ ಮುಟ್ಟುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು.

ಆ ಶನಿವಾರವೇ ಕನ್ನಡ ಕೂಟದ ಕಾರ್ಯಕ್ರಮ ಬರಬೇಕೆ? ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತವರೆಲ್ಲ ಮೊದಲು ನನ್ನ ಹುಬ್ಬು ನೋಡಿದರು, ಆಮೇಲೆ ನನ್ನ ಹೆಂಡತಿಯ ಕೈ ನೋಡಿದರು. "ಲಟ್ಟಣಿಗೇನಾ ಸಾರ್?" ಎಂದು ಒಬ್ಬರು ಪಿಸುಗುಟ್ಟಿ, ತಮ್ಮ ಕಿವಿಯ ಹಿಂದಿನ ಗಾಯವನ್ನು ತೋರಿಸಿದರು. ರೈಫಲ್ ಕಥೆ ಹೇಳಿದೆ, ಯಾರೂ ನಂಬಲಿಲ್ಲ. ಹೆಂಡತಿ ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ಹಪ್ಪಳ ತಿನ್ನುತ್ತಿದ್ದಳು.

ಆ ಕೋವಿಯನ್ನು ನಷ್ಟಕ್ಕೆ ಬದಲಾಯಿಸಿ, ಅದೇ 6.5ರ ಆರೂವರೆ ಪೌಂಡಿನ ಇನ್ನೊಂದು ತಂದೆ. ಅಂಗಡಿಯವನು ನಗಲಿಲ್ಲ, ನಕ್ಕಿದ್ದರೆ ಜಗಳಕ್ಕಾದರೂ ದಾರಿಯಿತ್ತು.

ಇನ್ನು ಬಟ್ಟೆ. ಬೇಟೆಗಾರ ಇನ್ನೊಬ್ಬ ಬೇಟೆಗಾರನ ಕಣ್ಣಿಗೆ ಬೀಳಬೇಕೆಂದು ಸೊಂಟದ ಮೇಲೆ 500 ಚದರ ಅಂಗುಲ ಹೊಳೆಯುವ ಕಿತ್ತಳೆ ಬಣ್ಣ ತೊಡಬೇಕು, ತಲೆಗೂ ಅದೇ ಬಣ್ಣದ ಟೋಪಿ. 2016ರಿಂದ ಗುಲಾಬಿಗೂ ಅನುಮತಿ ಇದೆ. ಅಂಗಡಿಯಲ್ಲಿ ಗುಲಾಬಿ ಅರ್ಧ ಬೆಲೆಗೆ ಇತ್ತು. ಯಾವುದು ಮನೆಗೆ ಬಂತೆಂದು ಸಂಸಾರಸ್ಥರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗೆ, ಅಪ್ಪಟ ಗುಲಾಬಿಯಲ್ಲಿ, ಆಫೀಸಿನ ಗೆಳೆಯನ ಹಿಂದೆ ಹತ್ತು ಸಾವಿರ ಅಡಿ ಎತ್ತರದ ಇಳಿಜಾರು ಹತ್ತಿದೆ. ಕೋವಿ ಹಗುರವಾಗಿಯೇ ಇತ್ತು. ಏರಲಾರದೆ ಏರುತ್ತಿದ್ದದ್ದು ಮಿಕ್ಕ ಭಾಗ. ಗೆಳೆಯ ತಟ್ಟನೆ ಕೂತು ಬೆರಳು ತೋರಿಸಿದ. ಮರಗಳ ಅಂಚಿನಲ್ಲಿ ಗಂಡು ಎಲ್ಕ್, ತಲೆಯ ಮೇಲೆ ಒಣಗಿದ ಮರದಷ್ಟು ಕೊಂಬು. ನನ್ನ ಏದುಸಿರಿಗೆ ನಳಿಗೆ ಮೇಲೆ ಕೆಳಗೆ ಕುಣಿಯುತ್ತಿತ್ತು. ಹಗುರ ಕೋವಿಯ ಇನ್ನೊಂದು ಗುಣ ಅದು, ಎದೆ ಬಡಿದರೂ ಅಲ್ಲಾಡುತ್ತದೆ. ಹೇಗೋ ಉಸಿರು ಕಟ್ಟಿ ಟ್ರಿಗರ್ ಒತ್ತಿದೆ.

"ಟಿಕ್."

ಬೋಲ್ಟ್ ಎಳೆಯಬೇಕೆಂಬ ಪಾಠದ ಉತ್ತರಾರ್ಧ ಆಗ ನೆನಪಾಯಿತು. ಎಲ್ಕ್ ತಲೆಯೆತ್ತಿ ನನ್ನನ್ನೂ ನನ್ನ ಗುಲಾಬಿಯನ್ನೂ ಸಾವಕಾಶವಾಗಿ ನೋಡಿತು. ಅದಕ್ಕೆ ಆ ಬಣ್ಣಗಳು ನಮಗೆ ಕಂಡಂತೆ ಕಾಣುವುದಿಲ್ಲವಂತೆ, ಅದೊಂದೇ ಸಮಾಧಾನ. ಆಮೇಲೆ ಮರಗಳ ಒಳಗೆ ನಡೆದುಹೋಯಿತು. ಓಡಲೂ ಇಲ್ಲ.

"ಸದ್ಯ, ಅವರೆಕಾಳು ಉಳೀತು" ಎಂದಳು ಹೆಂಡತಿ.

ಈಗ ಕೋವಿ ನೆಲಮಾಳಿಗೆಯಲ್ಲಿದೆ. ಹದಿನೆಂಟು ತುಂಬದ ಮಕ್ಕಳ ಕೈಗೆ ಸಿಗದಂತೆ ಬೀಗದಲ್ಲಿಡಬೇಕೆಂದು ಇಲ್ಲಿ 2021ರಿಂದ ಕಾನೂನು. ಅದಕ್ಕೆಂದು ಇನ್ನೂರು ಕೆ.ಜಿ.ಯ ಉಕ್ಕಿನ ಪೆಟ್ಟಿಗೆ ತರಿಸಿದೆ. ಇಬ್ಬರು ಹುಡುಗರು ಕೆಳಗಿಳಿಸುವಷ್ಟರಲ್ಲಿ ಹೈರಾಣಾದರು. ಪೆಟ್ಟಿಗೆ ಗಟ್ಟಿಯಾಗಿರುವುದು ಕಂಡು ಹೆಂಡತಿ ಮೊದಲು ಪಾಸ್‌ಪೋರ್ಟ್‌ಗಳನ್ನು ಇಟ್ಟಳು. ಆಮೇಲೆ ಬೆಳ್ಳಿ ಸಾಮಾನು, ಆಮೇಲೆ ಮೈಸೂರು ರೇಷ್ಮೆ. ಕೋವಿ ಸೆರಗಿನ ಮರೆಗೆ ಸರಿಯಿತು. ಮೊನ್ನೆ ಅದಕ್ಕೆ ಎಣ್ಣೆ ಹಾಕೋಣವೆಂದು ಹೋದರೆ ನಂಬರ್ ಬದಲಾಗಿದೆ.

"ನಮ್ಮ ಮದುವೆ ತಾರೀಖು ಕಣ್ರೀ. ಗೊತ್ತಲ್ವಾ?"

"ಗೊತ್ತಿಲ್ದೇ ಏನು!" ಎಂದು ಇಳಿದುಬಂದೆ. ವೈಶಾಖ ಮಾಸ, ಗುರುವಾರ, ಊಟಕ್ಕೆ ಚಿರೋಟಿ; ಇಷ್ಟು ಖಚಿತ. ಪೆಟ್ಟಿಗೆಗೆ ಇಂಗ್ಲಿಷ್ ತಿಂಗಳು ಬೇಕು. ಒತ್ತಿದ ನಂಬರುಗಳಿಗೆಲ್ಲ ಅದು ಕುಂಯ್ ಎನ್ನುತ್ತಿದೆ. "ಏನ್ರೀ ಅದು ಸದ್ದು?" ಎಂದು ಮೇಲಿಂದ ಕೇಳುತ್ತಿದ್ದಾಳೆ.